ನಲವತ್ತೆರಡು ನಿಮಿಷದಲ್ಲಿ ಬೆಂಗಳೂರು ಮುಟ್ಟಿದ ಬೇಳೆ

ನೆನಪನ್ನು ನಾನು ನಂಬುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ಕೆಲವರಿಗೆ ಬಸ್ಸಿನ ಹಿಂದಿನ ಸೀಟು ಆಗಿಬರುವುದಿಲ್ಲ, ನನಗೆ ನೆನಪು ಆಗಿಬರುವುದಿಲ್ಲ. ಯಾರಾದರೂ ಹಳೆಯ ಸಂಗತಿಯೊಂದನ್ನು ಮೊದಲು, ನಡು, ಕೊನೆ ಎಂದು ನೀಟಾಗಿ ಜೋಡಿಸಿ ಹೇಳತೊಡಗಿದರೆ ಸಾಕು, ಇವರು ಎಲ್ಲೋ ಒಂದು ಮೂಲೆಯನ್ನು ಕತ್ತರಿಸಿ ಸರಿಮಾಡಿದ್ದಾರೆ ಎಂಬ ಅನುಮಾನ ಶುರುವಾಗುತ್ತದೆ. ಒಮ್ಮೆ ಈ ಅನುಮಾನ ತಡೆಯಲಾರದೆ ಒಂದು ಪ್ರಯೋಗ ಮಾಡಿದೆ. ನನ್ನ ಮದುವೆಗೆ ಬಂದಿದ್ದ ನಾಲ್ವರು ಸಂಬಂಧಿಕರಿಗೆ ಒಂದೊಂದು ಕಾಗದ ಕೊಟ್ಟು, ಅಂದು ಏನೇನು ನಡೆಯಿತು, ಒಬ್ಬರನ್ನೊಬ್ಬರು ಕೇಳದೆ ಬರೆದುಕೊಡಿ ಎಂದೆ. ನಾಲ್ಕು ಕಾಗದದಲ್ಲಿ ಮದುಮಗಳ ಸೀರೆ ನಾಲ್ಕು ಬಣ್ಣದ್ದಾಗಿತ್ತು. ಊಟಕ್ಕೆ ಹೋಳಿಗೆ ಇತ್ತೆಂದು ಒಬ್ಬರು, ಬುಂದೆ ಲಾಡು ಎಂದು ಇನ್ನೊಬ್ಬರು. ನನ್ನ ಸೋದರಮಾವ ಮಾತ್ರ ತಮಗೆ ಊಟವೇ ಸಿಗಲಿಲ್ಲವೆಂದು ಎರಡು ಪುಟ ಬರೆದಿದ್ದರು. ಕಾಗದಗಳನ್ನು ಹೆಂಡತಿಗೆ ತೋರಿಸಿದೆ. ಅವಳು ನಿಧಾನವಾಗಿ ಓದಿ, ಮಡಿಸಿ ಕೈಗೆ ಕೊಟ್ಟು, "ಸೀರಿ ಬಣ್ಣ ಅತ್ಲಾಗಿರ್ಲಿ, ನೀವು ಬಂದಿದ್ರೇನು ಅಂತನೇ ನನಗ ಡೌಟ್ ಅದ" ಎಂದಳು.

ಇಂಥವನನ್ನು ಬರೆದಿಡುವ ಕೆಲಸಕ್ಕೆ ಯಾರೂ ಇಟ್ಟುಕೊಳ್ಳಬಾರದು. ನರೋಣಾದ ಹನ್ನೊಂದು ಮಂದಿ ಹೆಣ್ಣುಮಕ್ಕಳು ಇಟ್ಟುಕೊಂಡರು. ಆಳಂದದಿಂದ ಕಡಗಂಚಿ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಸಂಘದ್ದೊಂದು ಸಣ್ಣ ದಾಲ್ ಮಿಲ್ ಇದೆ. ಒಂದು ತಗಡಿನ ಶೆಡ್ಡು, ಎರಡು ಯಂತ್ರ, ಗೋದಾಮಿನ ಮೇಲೆ ತೊಗರಿ ಒಣಹಾಕಲು ಅಗಲವಾದ ಮಾಳಿಗೆ, ಅಂಗಳದಲ್ಲಿ ತೂಕದ ಕಾಂಟಾ, ಕಾಂಟಾದ ಪಕ್ಕ ಒಂದು ಟೇಬಲ್ಲು, ಟೇಬಲ್ಲಿನ ಹಿಂದೆ ಮ್ಯಾನೇಜರನಾದ ನಾನು. ಸಂಘದ ಅಧ್ಯಕ್ಷೆ ಸುಮಿತ್ರಾಬಾಯಿ, ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅವರ ತಾಯಿ ರೈತರ ಕಾಳು ಕೊಂಡು ಮಾರುವ ಆಳಂದದ ಒಂದು ಅಡತಿ ಅಂಗಡಿಯ ಗೋದಾಮಿನಲ್ಲಿ ಮೊರ ಹಿಡಿದು ಕಾಳು ಹಸನು ಮಾಡುತ್ತಲೇ ಮುಪ್ಪಾದವರು. ಸಂಘದ ಎಲ್ಲರಿಗಿಂತ ಹಿರಿಯರು ಗುರಮ್ಮ. ಅವರಿಗೆ ಅಕ್ಷರ ಬಾರದು. ಆದರೆ ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಅದು ಜೇವರ್ಗಿಯ ಕರಿಮಣ್ಣಿನದೋ ನಮ್ಮ ಆಳಂದದ ಕಡೆಯದೋ ಹೇಳುತ್ತಾರೆ. ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಮಿಲ್ಲಿಗೆ ಇದ್ದ ತೊಂದರೆ ಒಂದೇ, ಬಂಡವಾಳ. ಸುಗ್ಗಿಯಲ್ಲಿ ರೈತ ಬಾಗಿಲಿಗೆ ತೊಗರಿ ತಂದರೆ ಅಲ್ಲೇ ರೊಕ್ಕ ಎಣಿಸಿ ಕೊಡಬೇಕು. ಆ ತೊಗರಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಮಾಳಿಗೆಯ ಬಿಸಿಲಿಗೆ ಹಾಕಿ, ಒಡೆದು ಬೇಳೆ ಮಾಡಿ ಬೆಂಗಳೂರಿನ ದೊಡ್ಡ ವ್ಯಾಪಾರಿಗೆ ಕಳಿಸಿದರೆ ಅವರು ಹಣ ಕೊಡುವುದು ಮೂರು ತಿಂಗಳಿಗೆ. ಆ ಮೂರು ತಿಂಗಳು ನಮ್ಮ ರೊಕ್ಕ ಬೆಂಗಳೂರಿನಲ್ಲಿ ಕುಳಿತಿರುತ್ತದೆ, ನಾವು ಇಲ್ಲಿ ಖಾಲಿ ಯಂತ್ರದ ಮುಂದೆ ಕುಳಿತಿರುತ್ತೇವೆ, ತೊಗರಿ ತುಂಬಿದ ಟ್ರ್ಯಾಕ್ಟರುಗಳು ನಮ್ಮ ಗೇಟಿನ ಮುಂದೆಯೇ ಹಾದು ಅಡತಿ ಅಂಗಡಿಗೆ ಹೋಗುತ್ತಿರುತ್ತವೆ. ಬ್ಯಾಂಕಿನವರು ಸಾಲಕ್ಕೆ ಹೊಲದ ಪತ್ರ ಕೇಳುತ್ತಾರೆ. ಹನ್ನೊಂದು ಮಂದಿಯಲ್ಲಿ ಒಬ್ಬರ ಹೆಸರಿನಲ್ಲೂ ಹೊಲವಿಲ್ಲ. ಹಿಂದಿನ ಸುಗ್ಗಿಯಲ್ಲಿ ಯಂತ್ರ ತಿರುಗಿದ್ದು ಎರಡೇ ತಿಂಗಳು. ಈ ಸಲವೂ ಹಾಗಾದರೆ ಮಿಲ್ಲನ್ನು ತನಗೆ ಬಾಡಿಗೆಗೆ ಕೊಡಿ ಎಂದು ಒಬ್ಬ ಅಡತಿ ವ್ಯಾಪಾರಿ ಆಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದ. "ನಿಮ್ಮನ್ನೇನು ಕೆಲ್ಸಾ ಬಿಡ್ಸಂಗಿಲ್ಲವ್ವಾ, ದಿನಗೂಲಿ ಕೊಟ್ಟು ಇಲ್ಲೇ ಇಟ್ಕೋತೇನಿ" ಎಂದು ಔದಾರ್ಯವನ್ನೂ ತೋರಿಸಿದ್ದ. ಅವನು ಹೋದ ಮೇಲೆ ಸುಮಿತ್ರಾಬಾಯಿ ಅವನು ಕುಡಿದ ಕಪ್ಪನ್ನು ಬಹಳ ಹೊತ್ತು ತೊಳೆದರು.

ಬ್ಲಾಕ್‌ಚೈನ್ ಎಂಬುದು ನಮ್ಮ ಮಿಲ್ಲಿಗೆ ಬಂದದ್ದು ರಿತಿಕಾ ಎಂಬ ಹುಡುಗಿಯ ಜೊತೆ. ಬಂಡವಾಳ ಸಾಲದ ಸಣ್ಣ ಮಿಲ್ಲುಗಳಿಗೆ ಹಣ ಹೊಂದಿಸಿಕೊಡುವ ಬೆಂಗಳೂರಿನ ಒಂದು ಕಂಪನಿಯವಳು. ಹನ್ನೊಂದು ಮಂದಿಯ ಜೊತೆ ತಾನೂ ಚಾಪೆಯ ಮೇಲೆ ಕುಳಿತು ತಾಳ್ಮೆಯಿಂದ ವಿವರಿಸಿದಳು. ಮಾಲು ಯಾರ್ಯಾರ ಕೈ ದಾಟುತ್ತದೋ ಅವರೆಲ್ಲರ ಫೋನಿನಲ್ಲೂ ಒಂದೇ ಪುಸ್ತಕ ಇರುತ್ತದೆ. ಮಿಲ್ಲಿನವರು 'ಕಳಿಸಿದೆ' ಎಂದು ಒತ್ತಬೇಕು, ಲಾರಿಯವನು 'ದಾರಿಯಲ್ಲಿದೆ' ಎಂದು ಒತ್ತಬೇಕು, ವ್ಯಾಪಾರಿಯ ಗೋದಾಮಿನವರು 'ತಲುಪಿತು' ಎಂದು ಒತ್ತಬೇಕು. ಒಂದಕ್ಕೊಂದು ಕೊಂಡಿ ಬೀಳುತ್ತಾ ಸರಪಳಿಯಾಗುತ್ತದೆ. ಬಿದ್ದ ಕೊಂಡಿಯನ್ನು ಯಾರೂ ಬಿಚ್ಚುವಂತಿಲ್ಲ, ಅಳಿಸುವಂತಿಲ್ಲ, ಏಕೆಂದರೆ ಎಲ್ಲರ ಹತ್ತಿರವೂ ಅದರ ನಕಲು ಇರುತ್ತದೆ. ಮೂರೂ ಕೊಂಡಿ ಕೂಡಿದ ಕೂಡಲೇ, ಎಲ್ಲೋ ಕುಳಿತಿರುವ ಹಣ ಹಾಕುವವರು ಆ ಬಿಲ್ಲಿನಲ್ಲಿ ನೂರಕ್ಕೆ ಎಂಬತ್ತು ರೂಪಾಯಿಯನ್ನು ಅಂದೇ ನಮ್ಮ ಖಾತೆಗೆ ಹಾಕುತ್ತಾರೆ. ಮೂರು ತಿಂಗಳ ಮೇಲೆ ವ್ಯಾಪಾರಿ ಕೊಡುವ ಹಣ ಅವರಿಗೆ ಹೋಗುತ್ತದೆ, ಅವರು ಬಡ್ಡಿ ಹಿಡಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಾರೆ. ಹೊಲದ ಪತ್ರ ಬೇಡ, ಜಾಮೀನು ಬೇಡ. "ಅವರು ನಿಮ್ಮ ಮುಖ ನೋಡಲ್ಲ ಆಂಟಿ, ಈ ಸರಪಳಿ ನೋಡ್ತಾರೆ ಅಷ್ಟೇ" ಎಂದಳು.

"ಒಮ್ಮಿ ಒತ್ತಿದ್ದು ಅಳಸಾಕ ಬರಂಗಿಲ್ಲ?" ಎಂದು ಗುರಮ್ಮ ಕೇಳಿದರು.

"ಬರಲ್ಲ ಅಜ್ಜಿ. ಯಾರಿಗೂ ಬರಲ್ಲ."

"ಹಚ್ಚಿ ಹಾಕಿಸ್ಕೊಂಡಂಗ ಅನ್ನು." ಗುರಮ್ಮ ಮುಂಗೈ ಚಾಚಿ ಹಸಿರು ಹಚ್ಚೆಯೊಂದನ್ನು ತೋರಿಸಿದರು. "ನೋಡು ತಂಗಿ, ಸಣ್ಣಾಕಿ ಇದ್ದಾಗ ಹಾಕಿಸ್ಕೊಂಡಿದ್ದು. ನಾ ನವಲು ಹಾಕು ಅಂದಿದ್ದೆ. ಹಚ್ಚಿ ಹಾಕಾಕಿ ಚೇಳು ಹಾಕಿ ಹೋದ್ಳು. ಮೊಮ್ಮಕ್ಕಳು ಆದ್ರು, ಇನ್ನೂ ಚೇಳೇ ಅದ."

ಎಲ್ಲರೂ ನಕ್ಕರು. ಸುಮಿತ್ರಾಬಾಯಿ ನಗಲಿಲ್ಲ. "ಮುಖ ನೋಡಂಗಿಲ್ಲ ಅಂತಂದ್ಯಲ್ಲವ್ವಾ, ಅದು ಖರೇನ?" ಎಂದು ಕೇಳಿದರು. ನಿಜ ಎಂದಳು ರಿತಿಕಾ. "ಹಂಗಾರ ಮಾಡೂಣು" ಎಂದು ಸುಮಿತ್ರಾಬಾಯಿ ಎದ್ದು ಸೀರೆ ಕೊಡವಿಕೊಂಡರು. ನನಗೂ ಒಳಗೊಳಗೆ ಹಿಗ್ಗು. ಯಾರ ಅನುಕೂಲಕ್ಕೂ ಬಾಗದ, ಹೇಳಿದವರ ಬಾಯಿಗೆ ತಕ್ಕಂತೆ ಬಣ್ಣ ಬದಲಿಸದ ನೆನಪೊಂದು ಕೊನೆಗೂ ಜಗತ್ತಿಗೆ ಬಂದಿದೆ, ಅದೂ ನನ್ನ ಟೇಬಲ್ಲಿಗೇ ಬಂದಿದೆ ಎಂದುಕೊಂಡೆ. ಅಧ್ಯಕ್ಷೆಯ ಒಪ್ಪಿಗೆಯಿಂದ ಮಿಲ್ಲಿನ ಪರವಾಗಿ ಒತ್ತುವ ಅಧಿಕಾರ ನನಗೆ ಬಂತು. ಹನ್ನೊಂದು ಮಂದಿಯ ಭವಿಷ್ಯ ನನ್ನ ಬಲಗೈ ಹೆಬ್ಬೆರಳಿನ ಕೆಳಗೆ ಇತ್ತು. ಆ ವಾರ ಹೆಬ್ಬೆರಳಿನ ಉಗುರನ್ನು ಬಹಳ ಶ್ರದ್ಧೆಯಿಂದ ಕತ್ತರಿಸಿಕೊಂಡೆ.

ಇಲ್ಲಿ ನಮ್ಮ ಸೀಮೆಯ ಒಂದು ರೀತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ನಮ್ಮ ದಾರಿ ಕಾಯುತ್ತಿರುವ ಮನುಷ್ಯ ಫೋನು ಮಾಡಿ "ಹೊಂಟೀರೇನ್ರಿ?" ಎಂದು ಕೇಳಿದರೆ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಮುಖಕ್ಕೆ ಸಾಬೂನು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದರೂ "ಹೊಂಟೇನ್ರಿ, ದಾರ್ಯಾಗ ಅದೇನಿ" ಎನ್ನಬೇಕು. ಇದನ್ನು ಸುಳ್ಳು ಎನ್ನುವವರು ನಮ್ಮನ್ನು ತಿಳಿದವರಲ್ಲ. ಮನಸ್ಸು ಆಗಲೇ ಹೊರಟಿದೆ, ಮೈ ಹಿಂದಿನಿಂದ ಬರುತ್ತದೆ ಎಂದು ಕೇಳಿದವನಿಗೂ ಗೊತ್ತಿರುತ್ತದೆ. ಒಮ್ಮೆ ನಮ್ಮ ಮನೆಗೆ ಹೆಣ್ಣು ನೋಡಲು ಬರಬೇಕಿದ್ದ ಬೀಗರು ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ "ಆಳಂದ ಬಸ್‌ಸ್ಟ್ಯಾಂಡಿನ ಹತ್ರ ಬಂದೇವಿ" ಎಂದರು. ಅವರ ಹಿಂದೆ ಅವರ ಮನೆಯ ಎಮ್ಮೆ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. "ಬರ್ರಿ ಬರ್ರಿ, ನಾಷ್ಟಾ ತಯಾರ್ ಅದ" ಎಂದು ನಾನೂ ಹೇಳಿದೆ. ಒಲೆ ಇನ್ನೂ ಹೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅವರು ಬಂದರು, ನಾಷ್ಟಾ ಸಿದ್ಧವಾಗಿತ್ತು, ಸಂಬಂಧವೂ ಕುದುರಿತು. ಎಂಟು ಗಂಟೆಗೆ ಇಬ್ಬರೂ ನಿಜ ಹೇಳಿದ್ದರೆ ಆ ಮದುವೆ ಆಗುತ್ತಿತ್ತೋ ಇಲ್ಲವೋ ನನಗೆ ಅನುಮಾನ.

ನಮ್ಮ ಮೊದಲ ಲೋಡು ಹೋಗಬೇಕಾಗಿದ್ದ ದಿನ ಬೆಳಿಗ್ಗೆ ಹತ್ತಕ್ಕೆ ರಿತಿಕಾ ಫೋನು ಮಾಡಿದಳು. ಎರಡು ದಿನದಿಂದ ಸುಗ್ಗಿಯ ಆಕಾಶಕ್ಕೆ ಸಲ್ಲದ ಮೋಡ ಮುಚ್ಚಿಕೊಂಡಿತ್ತು. ತೊಗರಿ ಒಣಗಿರಲಿಲ್ಲ. ಒಂದು ಕಾಳೂ ಇನ್ನೂ ಬೇಳೆಯಾಗಿರಲಿಲ್ಲ. ಎಲ್ಲವೂ ಸಿಪ್ಪೆಯ ಸಮೇತ ಮಾಳಿಗೆಯ ಮೇಲೆ ಮಲಗಿತ್ತು, ಹೆಂಗಸರು ತಾಡಪತ್ರಿ ಹಿಡಿದು ಆಕಾಶ ನೋಡುತ್ತಾ ನಿಂತಿದ್ದರು.

"ಸಾರ್, ಲೋಡ್ ಹೊರಡ್ತಾ?"

"ಹೊಂಟದ ನೋಡವ್ವಾ" ಎಂದೆ.

"ಸೂಪರ್ ಸಾರ್. ಹಾಗಾದ್ರೆ ಬಟನ್ ಒತ್ತಿಬಿಡಿ."

ಬಾಯಿಂದ ಹೋಗಿದೆ ಎಂದವನು ಬೆರಳಿನಿಂದ ಹೋಗಿಲ್ಲ ಎನ್ನುವುದು ಹೇಗೆ? ಒತ್ತಿದೆ. ನನ್ನ ಲೆಕ್ಕದಲ್ಲಿ ಅದು ನಾಷ್ಟಾ ತಯಾರಿದೆ ಎಂದ ಹಾಗೆ. ಸಂಜೆಯೊಳಗೆ ಬಿಸಿಲು ಬಿದ್ದರೆ, ನಾಳೆ ಒಡೆದರೆ, ನಾಡಿದ್ದು ಲಾರಿ ತುಂಬಿದರೆ ಎಲ್ಲ ಸರಿಹೋಗುತ್ತದೆ. ಆದರೆ ನನ್ನ ಕೊಂಡಿ ಬಿದ್ದದ್ದು ಲಾರಿಯ ಮಹಬೂಬ್ ಭಾಯಿಯ ಫೋನಿನಲ್ಲಿ ಟಣ್ ಎಂದಿತು. ಅವರು ಜೇವರ್ಗಿಯವರು, ಸ್ವಂತ ಲಾರಿ, ಮೂವತ್ತು ವರ್ಷದ ಅನುಭವ. ಆಗ ಆಳಂದದ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ನನ್ನ ಕರೆಗೆ ಕಾಯುತ್ತಾ ಎರಡನೆಯ ಚಹಾ ಕುಡಿಯುತ್ತಿದ್ದರು. 'ದಾರಿಯಲ್ಲಿದೆ' ಎಂದು ಒತ್ತಿದರು. ಯಾಕೆ ಒತ್ತಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, "ನೀವು ಹಿರ್ಯಾರು ಒತ್ತೀರಿ ಸರ. ನಾ ಒತ್ಲಾರ್ದ ಕುಂತ್ರ ನಿಮ್ಮ ಮಾತಿಗಿ ಏನ್ ಇಜ್ಜತ್ ಉಳೀತದ?" ಎಂದರು.

ಸರಪಳಿ ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಬೆಂಗಳೂರಿನ ವ್ಯಾಪಾರಿಯ ಗೋದಾಮಿನಲ್ಲಿ ಮಾಲು ಬರೆದುಕೊಳ್ಳುವ ಶಿವಶರಣಪ್ಪ ನಮ್ಮ ಅಫಜಲಪುರದವನು ಎನ್ನುವುದನ್ನು ಈ ಸರಪಳಿ ಮಾಡಿದವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ಅಂದು ಮಧ್ಯಾಹ್ನದ ಬಸ್ಸಿಗೆ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಊರಿಗೆ ಹೊರಟಿದ್ದ. "ನಾಲ್ಕ್ ದಿನ ನಾ ಇರಂಗಿಲ್ಲ ಸರ. ನಾ ಇಲ್ಲಂತ ನಮ್ಮ ಕಡಿ ಹೆಣ್ಮಕ್ಕಳ ರೊಕ್ಕ ನಿಲ್ಲಬಾರ್ದಲ್ಲ? ಭಾಯಿಗಿ ಫೋನ್ ಹಚ್ಚಿ ಎಲ್ಲಿದ್ದೀರಿ ಅಂತ ಕೇಳ್ದೆ. ಬಂದಂಗೇ ಅಂತ ತಿಳ್ಕೋ ಅಂದ್ರು. ತಿಳ್ಕೊಂಡೆ" ಎಂದು ಅವನು ಆಮೇಲೆ ವಿವರಿಸಿದ. ಹೀಗೆ ಹತ್ತು ಗಂಟೆ ಐದು ನಿಮಿಷಕ್ಕೆ ಆಳಂದ ಬಿಟ್ಟ ಬೇಳೆ ಹತ್ತು ನಲವತ್ತೇಳಕ್ಕೆ ಬೆಂಗಳೂರು ಮುಟ್ಟಿತು. ಲಾರಿಗೆ ಇದು ರಾತ್ರಿ ಹಗಲಿನ ದಾರಿ. ಮೂರು ತಾಲೂಕಿನ ಮೂವರು ಮರ್ಯಾದಸ್ಥರು ಕೂಡಿ ಅದನ್ನು ನಲವತ್ತೆರಡು ನಿಮಿಷಕ್ಕೆ ಇಳಿಸಿದ್ದೆವು. ಹನ್ನೊಂದು ಗಂಟೆಯೊಳಗೆ ಸಂಘದ ಖಾತೆಗೆ ಹಣ ಬಿದ್ದ ಸಂದೇಶ ಬಂತು.

ಆ ಸಂದೇಶವನ್ನು ನೋಡುತ್ತಾ ಎಷ್ಟು ಹೊತ್ತು ಕುಳಿತೆನೋ ಹೇಳಲಾರೆ. ಹೇಳಿದರೂ ನಂಬಬೇಡಿ. ಮೇಲೆ ಮಾಳಿಗೆಯಲ್ಲಿ ಹೆಂಗಸರು ತೊಗರಿಯನ್ನು ಕಾಲಿನಿಂದ ಹೊರಳಿಸುತ್ತಿದ್ದ ಸರಸರ ಸದ್ದು ಕೇಳುತ್ತಿತ್ತು. ಕೈಯಲ್ಲಿದ್ದ ಫೋನು, ಅದೇ ತೊಗರಿ ಬೇಳೆಯಾಗಿ, ಚೀಲವಾಗಿ, ಬೆಂಗಳೂರಿನಲ್ಲಿ ಇಳಿದಿದೆ ಎಂದು ನಿಮಿಷ ಸೆಕೆಂಡಿನ ಸಮೇತ ಹೇಳುತ್ತಿತ್ತು. ಇದು ಏನನ್ನೂ ಮರೆಯುವುದಿಲ್ಲ ಎಂದು ಹೇಳಿದ್ದರು. ನಡೆಯದೇ ಇದ್ದದ್ದನ್ನೂ ಅದು ಮರೆಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ನನ್ನ ಮದುವೆಯ ಸೀರೆಗೆ ನಾಲ್ಕು ಬಣ್ಣವಾದರೂ ಇತ್ತು, ನಾಲ್ವರ ಜಗಳದ ಸಂದಿಯಲ್ಲಿ ನಿಜ ಎಲ್ಲೋ ಉಸಿರಾಡುತ್ತಿತ್ತು. ಇಲ್ಲಿ ಎಲ್ಲರ ಪುಸ್ತಕದಲ್ಲೂ ಒಂದೇ ಬಣ್ಣ, ಒಂದೇ ಮಾತು, ಒಂದಕ್ಕೊಂದು ಸಾಕ್ಷಿ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ, ಮತ್ತು ಅದರ ಮೊದಲ ಕೊಂಡಿ ನನ್ನದು.

ಮಾಳಿಗೆ ಹತ್ತಿ ವಿಷಯ ಹೇಳಿದೆ. ಮೊದಲು ಎಲ್ಲರ ಮುಖದಲ್ಲೂ ಬೆಳಕು ಬಂತು. ಅಂದು ಮಧ್ಯಾಹ್ನವೇ ಗೊಬ್ಬೂರದಿಂದ ಮಲ್ಲಿನಾಥ ಗೌಡರು ಮೂರು ಟ್ರ್ಯಾಕ್ಟರು ತೊಗರಿ ತರುವವರಿದ್ದರು. ಅವರಿಗೆ ಕೊಡಬೇಕಾದ ರೊಕ್ಕ ಅದೇ ರೊಕ್ಕ. ಅದಿದ್ದರೆ ಯಂತ್ರ ಸುಗ್ಗಿಯುದ್ದ ತಿರುಗುತ್ತದೆ, ಇಲ್ಲದಿದ್ದರೆ ಅಡತಿ ವ್ಯಾಪಾರಿ ಬಾಡಿಗೆ ಕರಾರು ಹಿಡಿದು ಬರುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತಿತ್ತು.

"ರೊಕ್ಕ ಬಂದಾದ. ಮಾಲು ನಾಡಿದ್ದ ಹೋಗೇ ಹೋಗ್ತದ. ಇದ್ರಾಗ ಯಾರಿಗಿ ಏನ್ ಮೋಸ ಆತು ಬೇ?" ಎಂದರು ಗುರಮ್ಮ.

"ಮೋಡ ಹಿಂಗೇ ನಿಂತು ಮಾಲು ಬೂರಲ ಹಿಡದು ಕೆಟ್ರ?" ಎಂದು ಸುಮಿತ್ರಾಬಾಯಿ ಕೇಳಿದರು.

"ಬಿಸಲು ಬೀಳ್ತದ ಬಿಡವಾ."

"ಬೀಳ್ಲಿಲ್ಲಂದ್ರ?"

ಗುರಮ್ಮ ಆಕಾಶದ ಕಡೆ ನೋಡಿದರು, ಅಲ್ಲಿಂದ ನೆರವು ಬರಲಿಲ್ಲ. ಸುಮಿತ್ರಾಬಾಯಿ ಆಮೇಲೆ ಹೇಳಿದ ಮಾತನ್ನು ಅವರು ನಿಂತು ಹೇಳಿದರು ಎಂದು ಬರೆಯಲು ನನಗೆ ಆಸೆಯಿದೆ. ಪ್ರಾಯಶಃ ಕುಳಿತಿದ್ದರು, ಕೈ ತೊಗರಿಯಲ್ಲಿನ ಕಲ್ಲು ಆರಿಸಿ ಪಕ್ಕಕ್ಕೆ ಇಡುತ್ತಿತ್ತು. "ನಮ್ಮ ಮುಖ ನೋಡಿ ಕೊಟ್ಟಿದ್ರ ಬ್ಯಾರೆ ಮಾತಿತ್ತು. ಜಗಳಾಡಿ, ಅತ್ತು, ಕರದು, ಏನರೇ ಹೇಳಿ ತಪ್ಪಿಸ್ಕೋಬೌದಿತ್ತು. ಮುಖ ನೋಡ್ಲಾರ್ದ ಕೊಟ್ಟಾರ. ಅವ್ರ ಕೈಯಾಗ ನಮ್ದು ಅಂತ ಇರೋದು ನಮ್ಮ ಮಾತು ಒಂದೇ. ಅದೂ ಖೊಟ್ಟಿ ಅಂದ್ರ, ಮುಂದ ನಮ್ಮಂಥಾವ್ರಿಗಿ ಯಾರ್ ಕೊಡ್ತಾರ?" ಆಮೇಲೆ ನನ್ನ ಕಡೆ ತಿರುಗಿ, "ಅಳಸಾಕ ಬರಂಗಿಲ್ಲ. ಮುಂದ ಕೂಡಸಾಕರೇ ಬರ್ತದೇನು, ಆ ಹುಡುಗೀಗಿ ಕೇಳ್ರಿ" ಎಂದರು.

ಕೇಳಿದೆ. ರಿತಿಕಾ ಫೋನಿನಲ್ಲೇ ಎಲ್ಲ ಕೇಳಿಸಿಕೊಂಡಳು. ಅವಳ ಕಡೆ ಒಂದು ಕುರ್ಚಿ ಸರಿದ ಸದ್ದಾಯಿತು. "ತಿದ್ದುಪಡಿ ಅಂತ ಇನ್ನೊಂದು ಎಂಟ್ರಿ ಹಾಕಬಹುದು ಸಾರ್. ಆದ್ರೆ ಹಣ ವಾಪಸ್ ಹೋಗುತ್ತೆ. ಮೊದಲಿನದೂ ಇರುತ್ತೆ, ತಿದ್ದಿದ್ದೂ ಇರುತ್ತೆ, ಹಣ ಹಾಕೋರೆಲ್ಲ ಯಾವತ್ತೂ ನೋಡ್ತಾರೆ. ಮುಂದೆ ಕೊಡ್ತಾರೋ ಇಲ್ವೋ ನಾನು ಹೇಳಕ್ಕಾಗಲ್ಲ. ಯೋಚನೆ ಮಾಡಿ ಸಾರ್" ಎಂದಳು. ಪಾಪ, ಅವಳ ದನಿ ಸಣ್ಣದಾಗಿತ್ತು. ಅವಳ ಕೆಲಸದ ಮೇಲೂ ಇದರ ಕರಿನೆರಳು ಬೀಳುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ, ಈಗ ಹೊಳೆಯುತ್ತಿದೆ.

ತಿದ್ದುಪಡಿಗೆ ಕಾರಣ ಬರೆಯಲು ಒಂದು ಸಣ್ಣ ಜಾಗ ಇತ್ತು. ಅಲ್ಲಿ ನಾನು ಏನೇನು ಬರೆದೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ಜೀವಮಾನವಿಡೀ ಅಚ್ಚುಕಟ್ಟಾದ ಕಥೆಗಳನ್ನು ಅನುಮಾನಿಸಿದವನು ನಾನು. ಮೊದಲು, 'ಹವಾಮಾನದ ವೈಪರೀತ್ಯದಿಂದ ಸಾಗಣೆಯಲ್ಲಿ ವ್ಯತ್ಯಯ' ಎಂದು ಬರೆದು ಓದಿದೆ. "ಮೋಡ ಬಂದು ಗುಂಡಿ ಒತ್ತಿತೇನ್ರಿ?" ಎಂದರು ಸುಮಿತ್ರಾಬಾಯಿ. ಅಳಿಸಿ, 'ತಾಂತ್ರಿಕ ಕಾರಣಗಳಿಂದ' ಎಂದು ಬರೆದೆ. "ಅಂದ್ರ?" ಎಂದರು. ಅದರ ಅರ್ಥ ನನಗೂ ಗೊತ್ತಿರಲಿಲ್ಲ. ಮೂರನೆಯ ಸಲ, ಸಿಬ್ಬಂದಿಯ ಅನನುಭವ ಎಂದು ಬರೆದೆ. ಸಿಬ್ಬಂದಿ ಎಂದರೆ ಹನ್ನೊಂದು ಮಂದಿ ಹೆಣ್ಣುಮಕ್ಕಳು ಎಂದು ಓದುವವರು ತಿಳಿದುಕೊಳ್ಳುತ್ತಾರೆ ಎಂಬುದು, ಆಣೆ ಮಾಡಿ ಹೇಳುತ್ತೇನೆ, ನನ್ನ ಲೆಕ್ಕದಲ್ಲಿ ಇರಲಿಲ್ಲ. ಇದ್ದಿರಬಹುದು. ಸುಮಿತ್ರಾಬಾಯಿ ಅದನ್ನೂ ಅಳಿಸಲು ಹೇಳಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಪುಸ್ತಕದ ಭಾಷೆಗೆ ತಂದು ಬರೆದೆ: 'ಮಾಲು ಹೋಗಿಲ್ಲ. ಮಾಳಿಗೆಯ ಮೇಲಿದೆ. ಕೇಳಿದವರಿಗೆ ಇಲ್ಲ ಎನ್ನಲು ಸಂಕೋಚವಾಗಿ ಹೋಯಿತು ಎಂದೆವು. ಮ್ಯಾನೇಜರ್ ಒತ್ತಿದ್ದು. ಹಣ ಹಿಂದಕ್ಕೆ ತೆಗೆದುಕೊಳ್ಳಿ.' ಅದು ಸರಪಳಿಗೆ ಬಿದ್ದ ಅರ್ಧ ಗಂಟೆಯಲ್ಲಿ ಖಾತೆ ಮೊದಲಿನಂತೆ ಹಗುರವಾಯಿತು.

ಮೂರು ಟ್ರ್ಯಾಕ್ಟರು ಸರಿಯಾಗಿ ಬಂದವು. ಕೆಲವು ಸಲ ನಮ್ಮ ಜನ ಹೇಳಿದ ಹೊತ್ತಿಗೇ ಬಂದುಬಿಡುತ್ತಾರೆ, ಬರಬಾರದ ದಿನ ನೋಡಿಕೊಂಡು. ಸುಮಿತ್ರಾಬಾಯಿ ಗೇಟಿಗೇ ಹೋಗಿ ನಿಂತು, ಬೆಳಗಿನಿಂದ ಆದದ್ದನ್ನೆಲ್ಲ ಒಂದೂ ಬಿಡದೆ ಮಲ್ಲಿನಾಥ ಗೌಡರಿಗೆ ಹೇಳಿದರು. ಗೌಡರು ತಲೆಯ ರುಮಾಲು ತೆಗೆದು ಹಣೆ ಒರೆಸಿಕೊಂಡರು ಎಂದು ನನ್ನ ನೆನಪು ಹೇಳುತ್ತದೆ. ಅವರು ರುಮಾಲು ಸುತ್ತುವವರೇ ಅಲ್ಲ. ಎಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಹೋಗದ ಲಾರಿ ಬೆಂಗಳೂರು ಮುಟ್ಟಸೀರಂತಲ್ಲ ಸಾಹೇಬ್ರ? ನಮ್ಮ ಟ್ರ್ಯಾಕ್ಟರಿಗೂ ಅಷ್ಟು ಕಲಿಸಿ ಕೊಡ್ರಿ. ಡೀಸೆಲ್ ಉಳೀತದ."

ಟ್ರ್ಯಾಕ್ಟರಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಸುಮಿತ್ರಾಬಾಯಿ ಮಾತ್ರ, "ಗೌಡ್ರ, ರೊಕ್ಕ ಇಲ್ಲ. ಇಳಸ್ರಿ ಅಂತ ನಾ ಹೆಂಗ ಅನ್ಲಿ? ನಿಮಗ ಹ್ಯಾಂಗ ಅನಕೂಲ ಹಂಗ ಮಾಡ್ರಿ" ಎಂದರು. ಗೌಡರು ರಸ್ತೆಯ ಆ ಕಡೆ ನೋಡಿದರು, ಅಡತಿ ಅಂಗಡಿ ಇರುವ ದಿಕ್ಕು. "ಎರಡು ಟ್ರ್ಯಾಕ್ಟರ್ ನಮ್ಮ ತಮ್ಮಂದು. ಅವ್ನಿಗಿ ಇವತ್ತೇ ರೊಕ್ಕ ಬೇಕು, ಅವು ಹೋಗ್ತಾವ. ಒಂದು ನಂದು. ಅದನ್ನ ಇಳಸ್ಕೋ ತಂಗಿ. ಎಂಟು ದಿನ ತಡೀತೇನಿ. ಒಂಬತ್ತನೇ ದಿನಕ್ಕ ಬರ್ತೇನಿ, ರೊಕ್ಕ ದಾರ್ಯಾಗ ಅದಾವ ಅಂತ ಮಾತ್ರ ಅನಬ್ಯಾಡ್ರಿ" ಎಂದರು. ಎರಡು ಟ್ರ್ಯಾಕ್ಟರು ಅಡತಿಗೆ ಹೋದದ್ದನ್ನು ಹನ್ನೊಂದು ಮಂದಿಯೂ ಗೇಟಿನಲ್ಲಿ ನಿಂತು ನೋಡಿದರು. ಆಮೇಲೆ ಉಳಿದ ಒಂದು ಟ್ರ್ಯಾಕ್ಟರಿನ ತೊಗರಿ ಇಳಿಸಲು ನಡೆದರು. ನನ್ನನ್ನು ಬೈದಿದ್ದರೆ ಹಿತವಾಗುತ್ತಿತ್ತು.

ಮರುದಿನ ಮೋಡ ಸರಿಯಿತು. ರಿತಿಕಾ ಅಂದು ಸಂಜೆ ಹಣ ಹಾಕುವವರ ಉತ್ತರ ತಿಳಿಸಿದಳು. ಯಾರೂ ಕೇಳುವ ಮೊದಲೇ ತಾವಾಗಿ ತಿದ್ದಿಕೊಂಡಿದ್ದರಿಂದ ಇದೇ ಮಾಲಿಗೆ ಇನ್ನೊಂದು ಸಲ ನೋಡುತ್ತಾರಂತೆ. ಆದರೆ ಷರತ್ತು ಒಂದಿತ್ತು. ಮ್ಯಾನೇಜರ್ ಒಬ್ಬನೇ ಒತ್ತಿದರೆ ಸಾಲದು, ಮಾಲು ಹೋದದ್ದನ್ನು ಕಣ್ಣಾರೆ ನೋಡಿದ ಸಂಘದ ಇನ್ನೊಬ್ಬ ಸದಸ್ಯರ ಹೆಬ್ಬೆಟ್ಟು ಬೀಳಬೇಕು, ಅದು ಬಿದ್ದ ಮೇಲೆಯೇ ನನ್ನದಕ್ಕೆ ಬೆಲೆ. ಸಂಘದವರು ಒಂದೇ ನಿಮಿಷದಲ್ಲಿ ಗುರಮ್ಮನವರನ್ನು ಆರಿಸಿದರು. ನಾಲ್ಕನೆಯ ದಿನ ಲಾರಿ ನಿಜವಾಗಿ ಹೋಯಿತು, ಐದನೆಯ ದಿನ ಗೋದಾಮಿನಲ್ಲಿ ನಮ್ಮ ಊರಿನವನಲ್ಲದ ಒಬ್ಬ ತೂಕ ಮಾಡಿ ಒತ್ತಿದ, ಹಣ ಬಂತು, ಆರನೆಯ ದಿನ ಮಲ್ಲಿನಾಥ ಗೌಡರ ಮನೆಗೆ ಸುಮಿತ್ರಾಬಾಯಿಯೇ ಹೋಗಿ ಕೊಟ್ಟು ಬಂದರು. ಹೋದ ಎರಡು ಟ್ರ್ಯಾಕ್ಟರು ಹೋದವೇ. ಈ ಸುಗ್ಗಿಗೆ ಯಂತ್ರ ದಿನಕ್ಕೆ ಅರ್ಧ ಹೊತ್ತು ತಿರುಗುತ್ತಿದೆ. ಬಾಡಿಗೆಗೆ ಕೊಡುವ ಮಾತು ಸದ್ಯಕ್ಕೆ ನಿಂತಿದೆ. ಸದ್ಯಕ್ಕೆ ಎಂಬುದನ್ನು ಸುಮಿತ್ರಾಬಾಯಿ ಪ್ರತಿಸಲವೂ ಒತ್ತಿ ಹೇಳುತ್ತಾರೆ.

ಮೊನ್ನೆ ಏಳನೆಯ ಲೋಡು ಹೋಯಿತು. ಗುರಮ್ಮ ಮೊದಲು ಚೀಲಗಳನ್ನು ಒಂದೊಂದಾಗಿ ಕೈಯಿಂದ ತಟ್ಟಿದರು. ಲಾರಿ ಶುರುವಾದಾಗ ನಾನು ಫೋನು ಹಿಡಿದು ಅವರ ಮುಂದೆ ನಿಂತೆ. "ತಡೀರಿ, ಇನ್ನೂ ಗೇಟಿನ ಒಳಗೇ ಅದ" ಎಂದರು. ಮುಂದಿನ ಗಾಲಿ ಗೇಟು ದಾಟಿತು. "ಹಿಂದಿಂದು ದಾಟ್ಲಿ." ಮಹಬೂಬ್ ಭಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅವ್ವಾ, ಜಲ್ದಿ ಹೆಬ್ಬಟ್ಟು ಒತ್ತು, ಹಿಂದ ಬಸ್ ನಿಂತಾದ" ಎಂದು ಕೂಗಿದರು. "ನಿಲ್ಲಲಿ. ನಿನ್ನ ಮಾತು ಕೇಳಿ ಕೆಟ್ಟೇವಿ ಒಮ್ಮಿ" ಎಂದು ಗುರಮ್ಮ ಗದರಿದರು. ಹಿಂದಿನ ಗಾಲಿ ದಾಟಿತು, ಲಾರಿ ತಿರುಗಿತು, ಬೇವಿನ ಮರದ ಆಚೆ ಮರೆಯಾಯಿತು. ಗುರಮ್ಮನ ಕಣ್ಣಿನಲ್ಲಿ ಪೊರೆ ಬಂದಿದೆ, ದೂರದ್ದು ಸರಿಯಾಗಿ ಕಾಣುವುದಿಲ್ಲ. ನನ್ನನ್ನು ಕೇಳಿದರು:

"ಹೋತೇನ್ರಿ?"

"ಹೋತು ಗುರಮ್ಮಾ."

"ಖರೇ?"

"ಖರೇ" ಎಂದೆ. ಮನುಷ್ಯನಿಗೆ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಇಷ್ಟು ವರ್ಷ ವಾದಿಸಿಕೊಂಡು ಬಂದ ನನ್ನ ಬಾಯಿಂದ ಇಷ್ಟು ಖಚಿತವಾದ ಮಾತು ಹಿಂದೆಂದೂ ಬಂದಿರಲಿಲ್ಲ. ನನ್ನ ಎದುರೇ ಲಾರಿ ಹೋಗಿತ್ತು, ಅದರ ಧೂಳು ಇನ್ನೂ ನನ್ನ ಕನ್ನಡಕದ ಮೇಲಿತ್ತು.

ಗುರಮ್ಮ ಎತ್ತಿದ ಹೆಬ್ಬೆರಳನ್ನು ಎತ್ತಿದ ಹಾಗೇ ಹಿಡಿದುಕೊಂಡು, ಚಪ್ಪಲಿ ಮೆಟ್ಟಿಕೊಂಡು, ತಾವೇ ನೋಡಿಕೊಂಡು ಬರಲು ಬೇವಿನ ಮರದ ತನಕ ನಡೆದು ಹೋದರು.